ನೆಲಮಂಗಲದ ಕಡೆ 30×40 ನಿವೇಶನ: ಖಾತೆ ಸರಿಯಿದೆ, ಇ.ಸಿ. ಸರಿಯಿದೆ, ಮುಂಗಡ ಕೊಡಬಹುದೇ?

ತುಂಗೆಯ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಹನ್ನೊಂದು ವರ್ಷದಿಂದ ದಾಸರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ನೆಲಮಂಗಲದಿಂದ ಸೊಂಡೆಕೊಪ್ಪದ ಕಡೆಗೆ ಹೋಗುವ ರಸ್ತೆಯ ಆಸುಪಾಸಿನಲ್ಲಿ 30×40 ಅಳತೆಯ ನಿವೇಶನವೊಂದು ಮಾರಾಟಕ್ಕಿದೆ. ಚದರಡಿಗೆ 2,200 ರೂಪಾಯಿಯಂತೆ 26.40 ಲಕ್ಷ ಹೇಳುತ್ತಿದ್ದಾರೆ. ಮಾರುವವರು 2009ರಲ್ಲಿ ಬಡಾವಣೆ ಮಾಡಿದವರಿಂದ ಶುದ್ಧ ಕ್ರಯಪತ್ರದ ಮೂಲಕ ಕೊಂಡವರು. 2007ರ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ಆದೇಶದ ಪ್ರತಿ, ಪಂಚಾಯಿತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ ದಾಖಲೆ) ಖಾತೆ, ಈ ವರ್ಷದ ಕಂದಾಯದ ರಸೀದಿ ಮತ್ತು 2004ರಿಂದ ಇಲ್ಲಿಯವರೆಗಿನ ಇ.ಸಿ. (ಋಣಭಾರ ಪ್ರಮಾಣಪತ್ರ) ಕೊಟ್ಟಿದ್ದಾರೆ. ಇ.ಸಿ.ಯಲ್ಲಿ ಅವರ ಕ್ರಯಪತ್ರವನ್ನು ಬಿಟ್ಟರೆ ಬೇರೆ ಯಾವ ಋಣಭಾರವೂ ಇಲ್ಲ.

ಇನ್ನೂ ಎರಡು ಸಂಗತಿಗಳಿವೆ. ಕ್ರಯಪತ್ರದಲ್ಲಿ 12 ಲಕ್ಷವನ್ನಷ್ಟೇ ತೋರಿಸಿ, ಉಳಿದ 14.40 ಲಕ್ಷವನ್ನು ನಗದಾಗಿ ಕೊಡಬೇಕೆಂದು ಕೇಳುತ್ತಿದ್ದಾರೆ. ಬರುವ ಗುರುವಾರದೊಳಗೆ 2 ಲಕ್ಷ ಟೋಕನ್ ಕೊಡದಿದ್ದರೆ ಬೇರೆಯವರಿಗೆ ಮಾತು ಕೊಡುವುದಾಗಿಯೂ ಹೇಳಿದ್ದಾರೆ. ಸದ್ಯಕ್ಕೆ ಮನೆ ಕಟ್ಟುವ ಆಲೋಚನೆ ನನಗಿಲ್ಲ. ಏಳೆಂಟು ವರ್ಷ ಇಟ್ಟುಕೊಂಡು, ಮಗಳ ಓದಿನ ಹೊತ್ತಿಗೆ ಮಾರಬೇಕೆಂದಿದ್ದೇನೆ. ತಿಳಿದವರು ದಾರಿ ತೋರಿಸಬೇಕು.

ಬಾಡಿಗೆಮನೆ_ಸುಖ:

ನಗದಿನ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಪಂಚಾಯಿತಿ ವ್ಯಾಪ್ತಿಯಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 2, ಎಲ್ಲ ಸೇರಿ ಶೇ. 7.65 ಆಗುತ್ತದೆ. 26.40 ಲಕ್ಷಕ್ಕೆ ಸುಮಾರು 2.02 ಲಕ್ಷ, 12 ಲಕ್ಷಕ್ಕೆ ಸುಮಾರು 92 ಸಾವಿರ. ಅಂದರೆ ಈಗ ನಿಮಗೆ 1.10 ಲಕ್ಷ ಉಳಿದಂತೆ ಕಾಣುತ್ತದೆ. ಆದರೆ ನಾಳೆ ನೀವು ಮಾರುವಾಗ ನಿಮ್ಮ ಖರೀದಿ ಬೆಲೆಯೆಂದು ಲೆಕ್ಕಕ್ಕೆ ಬರುವುದು 12 ಲಕ್ಷ ಮಾತ್ರ. ಬಚ್ಚಿಟ್ಟ 14.40 ಲಕ್ಷವೂ ಆಗ ನಿಮ್ಮ ಲಾಭವೆನಿಸಿಕೊಂಡು, ಅದಕ್ಕೆ ಈಗಿನ ಶೇ. 12.5ರ ದರದಲ್ಲಿ 1.80 ಲಕ್ಷ ತೆರಿಗೆ ಬೀಳುತ್ತದೆ. ತೆರಿಗೆ ಉಳಿಯುವುದು ಮಾರುವವರಿಗೆ, ಅದನ್ನು ಕಟ್ಟುವವರು ನೀವು. ಜೊತೆಗೆ, ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ನಿಷೇಧಿಸಿದೆ. ವ್ಯವಹಾರ ಮುರಿದುಬಿದ್ದರೆ ಆ ನಗದಿಗೆ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಹೂಡಿಕೆಯ ಬಗ್ಗೆಯೂ ಒಂದು ಮಾತು. ನಾನು 2012ರಲ್ಲಿ 12 ಲಕ್ಷಕ್ಕೆ ಕೊಂಡ ನಿವೇಶನವನ್ನು 2024ರಲ್ಲಿ 30 ಲಕ್ಷಕ್ಕೆ ಮಾರಿದೆ. ನೆಂಟರಿಷ್ಟರೆಲ್ಲ ಎರಡೂವರೆ ಪಟ್ಟಾಯಿತೆಂದು ಬೆನ್ನು ತಟ್ಟಿದರು. ಚಕ್ರಬಡ್ಡಿಯ ಲೆಕ್ಕ ಹಾಕಿದಾಗ ಅದು ವರ್ಷಕ್ಕೆ ಶೇ. 7.9 ಮಾತ್ರ. ಕೊಳ್ಳುವಾಗಿನ ನೋಂದಣಿ ಖರ್ಚು, ದಲ್ಲಾಳಿಯ ಕಮಿಷನ್, ತಂತಿಬೇಲಿ, ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಪಾರ್ಥೇನಿಯಂ ಕೀಳಿಸಿದ ಕೂಲಿ ಇವನ್ನೆಲ್ಲ ಕಳೆದರೆ ಇನ್ನೂ ಕಡಿಮೆ. ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ನಿವೇಶನ ಎಂದರೆ ಕಣ್ಣು ಮುಚ್ಚಿ ಬೆಳೆಯುವ ದುಡ್ಡು ಎಂಬ ನಂಬಿಕೆಯಿಂದ ಗುರುವಾರದ ಗಡುವಿಗೆ ಸಿಕ್ಕಿಕೊಳ್ಳಬೇಡಿ.

ಹಳೇ_ಪತ್ರಬರಹಗಾರ:

ಉಪನೋಂದಣಾಧಿಕಾರಿ ಕಚೇರಿಯ ಮುಂದೆ ಮೂವತ್ತೊಂದು ವರ್ಷ ಪತ್ರ ಬರೆದುಕೊಂಡು ಕುಳಿತಿದ್ದವನು ನಾನು, ವಕೀಲನಲ್ಲ. ಹಾಗಾಗಿ ನನ್ನ ಮಾತನ್ನು ಕೇಳಿಕೊಂಡು, ಕೊನೆಯ ಅಭಿಪ್ರಾಯವನ್ನು ವಕೀಲರಿಂದ ಬರವಣಿಗೆಯಲ್ಲಿ ಪಡೆಯಿರಿ.

ನಿಮಗೆ ತೋರಿಸಿರುವ ಕಾಗದಗಳೆಲ್ಲ 2004ರಿಂದ ಈಚಿನವು. ಅದು ಕಾಕತಾಳೀಯವಲ್ಲ. ಕಂಪ್ಯೂಟರಿನಲ್ಲಿ ಸುಲಭವಾಗಿ ಸಿಗುವ ಇ.ಸಿ. ಶುರುವಾಗುವುದೇ 2004ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನದು ಕೈಬರಹದ ಪುಸ್ತಕಗಳಲ್ಲಿದೆ, ಅರ್ಜಿ ಕೊಟ್ಟು ಹುಡುಕಿಸಬೇಕು. ಇ.ಸಿ. ಹೇಳುವುದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ. ಜಮೀನಿನ ಯಜಮಾನ ಸತ್ತದ್ದು, ಅವನಿಗೆ ಎಷ್ಟು ಮಕ್ಕಳಿದ್ದರು ಎಂಬುದು, ನೋಂದಾಯಿಸದ ಉಯಿಲು, ನ್ಯಾಯಾಲಯದಲ್ಲಿರುವ ದಾವೆ ಇವು ಯಾವುವೂ ಅದರಲ್ಲಿ ಕಾಣುವುದಿಲ್ಲ. ಖಾತೆಯೂ ಹಾಗೆಯೇ. ಕಂದಾಯ ಯಾರಿಂದ ವಸೂಲಿ ಮಾಡಬೇಕೆಂದು ಪಂಚಾಯಿತಿ ಬರೆದಿಟ್ಟುಕೊಂಡ ಹೆಸರು ಅದು. ಅದರಿಂದ ಒಡೆತನ ಹುಟ್ಟುವುದಿಲ್ಲವೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ.

ಆದ್ದರಿಂದ ಬಡಾವಣೆಯಾಗುವ ಮುಂಚಿನ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ನಡೆಯಿರಿ. ಹಳೆಯ ಪಹಣಿಗಳ 9ನೇ ಕಲಂನಲ್ಲಿ ಯಾರ ಹೆಸರಿತ್ತು, ಅದು ಯಾವ ಮ್ಯುಟೇಷನ್‌ನಿಂದ (ಹಕ್ಕು ಬದಲಾವಣೆಯ ನಮೂದಿನಿಂದ) ಬಂತು, 11ನೇ ಕಲಂನಲ್ಲಿ ಸಾಲ ಅಥವಾ ಹಕ್ಕಿನ ನಮೂದು ಇತ್ತೇ ಎಂಬುದನ್ನು ನೋಡಿ. ಸರ್ಕಾರದಿಂದ ಮಂಜೂರಾದ ಜಮೀನೆಂದು ಕಂಡರೆ ಅಲ್ಲಿಗೇ ನಿಲ್ಲಿ, ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ 1978ರ ಕಾಯಿದೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳದೆ ಮುಂದಕ್ಕೆ ಹೋಗಬೇಡಿ. ಮೂಲ ಯಜಮಾನನ ವಂಶವೃಕ್ಷ ತರಿಸಿ. 2009ರ ಕ್ರಯಪತ್ರಕ್ಕೆ ಸಹಿ ಹಾಕಿದವರು ಜಮೀನಿನವರೋ, ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಪಡೆದಿದ್ದ ಬಡಾವಣೆಯವರೋ ಎಂಬುದನ್ನು ನೋಡಿ ಇಲ್ಲಿ ಬರೆಯಿರಿ. ಇ-ಸ್ವತ್ತಿನಲ್ಲಿ ಕೊಟ್ಟಿರುವುದು ನಮೂನೆ 11ಎ (ಅನುಮೋದನೆ ಇರುವ ನಿವೇಶನಕ್ಕೆ) ಆಗಿದೆಯೋ 11ಬಿ (ಅನುಮೋದನೆ ಇಲ್ಲದ್ದಕ್ಕೆ) ಆಗಿದೆಯೋ ಎಂಬುದೂ ಮುಖ್ಯ. ಪರಿವರ್ತನೆ ಆಗಿದ್ದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಅನುಮೋದನೆ ಇದೆ ಎಂದರ್ಥವಲ್ಲ.

ಸೈಟ್_ಸಾಹುಕಾರ:

ಇಷ್ಟೆಲ್ಲ ಕಾಗದ ಕೇಳುತ್ತಾ ಕುಳಿತವರು ಜೀವಮಾನವಿಡೀ ಬಾಡಿಗೆ ಕಟ್ಟುತ್ತಾರೆ. ನಾನು 2003ರಲ್ಲಿ ಮಾಗಡಿ ರಸ್ತೆಯ ಕಡೆ ಪರಿವರ್ತನೆಯೂ ಆಗದ ರೆವಿನ್ಯೂ ಸೈಟು ಕೊಂಡೆ. ಮನೆ ಕಟ್ಟಿದೆ, ಮಕ್ಕಳ ಮದುವೆ ಮಾಡಿದೆ, ಇಂದಿನವರೆಗೂ ಒಬ್ಬರೂ ಬಂದು ಕೇಳಿಲ್ಲ. ಅಷ್ಟಕ್ಕೂ ಮಾರುವವರ ಸ್ವಾಧೀನದಲ್ಲಿ ನಿವೇಶನ 2009ರಿಂದ ಇದೆ. ಹನ್ನೆರಡು ವರ್ಷ ಕಳೆದ ಮೇಲೆ ಯಾರ ಹಕ್ಕೂ ನಡೆಯುವುದಿಲ್ಲ. ಪಕ್ಕದ ನಿವೇಶನಗಳಲ್ಲಿ ಮನೆಗಳು ಎದ್ದಿದ್ದರೆ, ನಲ್ಲಿ ನೀರು ಬರುತ್ತಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಪ್ರತಿವಾದಿ_14:

ನನ್ನ ಹೆಸರು ನೋಡಿ ಕೆಲವರು ನಗಬಹುದು, ನ್ಯಾಯಾಲಯದ ಕಡತದಲ್ಲಿ ನಾನು ನಿಜವಾಗಿಯೂ ಹದಿನಾಲ್ಕನೇ ಪ್ರತಿವಾದಿ. ತುಮಕೂರಿನ ಹತ್ತಿರ ಇದೇ ರೀತಿಯ ನಿವೇಶನ ಕೊಂಡಿದ್ದೆ. ಎರಡು ವರ್ಷ ಏನೂ ಇರಲಿಲ್ಲ. ಒಂದು ಭಾನುವಾರ ಕಳೆ ಕೀಳಿಸಲು ಹೋದಾಗ, ನಾನೇ ಹಾಕಿಸಿದ್ದ ಕಬ್ಬಿಣದ ಗೇಟಿಗೆ ಒಂದು ಸಮನ್ಸ್ ಅಂಟಿಸಿದ್ದರು. ಮಳೆಗೆ ನೆನೆದು ಅರ್ಧ ಅಳಿಸಿಹೋಗಿತ್ತು. ಜಮೀನಿನ ಮೂಲ ಯಜಮಾನರ ಮಗಳೊಬ್ಬರು ವಿಭಾಗಕ್ಕಾಗಿ ಅಸಲು ದಾವೆ ಹೂಡಿ, ಅಣ್ಣತಮ್ಮಂದಿರ ಜೊತೆಗೆ ನಿವೇಶನ ಕೊಂಡವರೆಲ್ಲರನ್ನೂ ಸೇರಿಸಿದ್ದರು. ಆರು ವರ್ಷವಾಯಿತು, ಇನ್ನೂ ಸಾಕ್ಷಿ ವಿಚಾರಣೆಯ ಹಂತದಲ್ಲೇ ಇದೆ. ದಾವೆ ನಡೆಯುತ್ತಿರುವಾಗ ಯಾರಿಗೆ ಮಾರಿದರೂ ಕೊಂಡವರು ತೀರ್ಪಿಗೆ ಬದ್ಧರಾಗುತ್ತಾರೆ. ಅದು ಗೊತ್ತಿದ್ದು ಕೊಳ್ಳಲು ಯಾರು ಬರುತ್ತಾರೆ? ಮಾರಲೂ ಆಗದೆ, ಕಟ್ಟಲು ಬ್ಯಾಂಕ್ ಸಾಲವೂ ಸಿಗದೆ ಕಂದಾಯ ಕಟ್ಟುತ್ತಿದ್ದೇನೆ.

ಸಾಹುಕಾರರಿಗೆ ಒಂದು ವಿನಂತಿ. ನಿಮಗೆ ಏನೂ ಆಗಲಿಲ್ಲ ಎಂಬುದು ಸಂತೋಷದ ವಿಷಯ. ನನಗೂ ಎರಡು ವರ್ಷ ಏನೂ ಆಗಿರಲಿಲ್ಲ.

ತುಂಗೆಯ_ದಂಡೆ ಅವರು ಇ-ಕೋರ್ಟ್ಸ್ ಜಾಲತಾಣದಲ್ಲಿ ಮೂಲ ಯಜಮಾನರ ಕುಟುಂಬದವರ ಹೆಸರು ಮತ್ತು ವರ್ಷ ಹಾಕಿ ಆ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಲ್ಲಿ ಹುಡುಕಬೇಕು. ವರ್ಷಗಳನ್ನು ಒಂದೊಂದಾಗಿ ಹಾಕಬೇಕು, ಹೆಸರಿನ ಇಂಗ್ಲಿಷ್ ಕಾಗುಣಿತವನ್ನೂ ಬದಲಿಸಿ ಬದಲಿಸಿ ನೋಡಬೇಕು. ನಾನು ಒಂದು ಸಂಜೆ ಅದಕ್ಕೆ ಕೊಟ್ಟಿದ್ದರೆ ಸಾಕಿತ್ತು.

ಹಳೇ_ಪತ್ರಬರಹಗಾರ:

ಹನ್ನೆರಡು ವರ್ಷದ ಮಾತನ್ನು ನಾನೂ ದಿನವೂ ಕೇಳುತ್ತಿದ್ದೆ. ಒಂದೇ ಕುಟುಂಬದ ಪಾಲುದಾರರಲ್ಲಿ ಒಬ್ಬರು ಅನುಭವಿಸಿಕೊಂಡು ಬಂದರೆ ಅದು ಉಳಿದವರ ಪರವಾಗಿಯೂ ಅನುಭವಿಸಿದಂತೆ ಎಂಬುದು ಮೂಲ ನಿಯಮ. ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ, ಅದು ಅವರಿಗೆ ತಿಳಿಯುವಂತೆ ಹೊರಗಿಟ್ಟಿದ್ದಾಗಿ ಸಾಬೀತು ಮಾಡಬೇಕು. ಅವರಿಂದ ಕೊಂಡವರು ಅದೇ ವಾದ ಹೂಡಬಹುದು, ಆದರೆ ಗಿಡ ಬೆಳೆದು ಖಾಲಿ ಬಿದ್ದಿರುವ ನಿವೇಶನದಲ್ಲಿ ಸ್ವಾಧೀನವನ್ನು ಸಾಬೀತು ಮಾಡುವುದು ಹೇಳಿದಷ್ಟು ಸುಲಭವಲ್ಲ.

ತುಂಗೆಯ_ದಂಡೆ:

ಎಲ್ಲರಿಗೂ ಧನ್ಯವಾದಗಳು. ಗುರುವಾರ ಟೋಕನ್ ಕೊಡಲಿಲ್ಲ. ಆಶ್ಚರ್ಯವೆಂದರೆ ಶುಕ್ರವಾರ ಅವರೇ ಫೋನ್ ಮಾಡಿ, ಇನ್ನೊಂದು ವಾರ ಕಾಯುವುದಾಗಿ ಹೇಳಿದರು. ನಗದಿನ ಮಾತಿಗೆ ಒಪ್ಪುವುದಿಲ್ಲವೆಂದು ತಿಳಿಸಿದ್ದೇನೆ, ಅದರ ಬಗ್ಗೆ ಇನ್ನೂ ಗೊಣಗುತ್ತಿದ್ದಾರೆ.

ಶನಿವಾರ ಅಳತೆ ಟೇಪು ಹಿಡಿದು ನಿವೇಶನಕ್ಕೆ ಹೋಗಿದ್ದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 18ನೇ ನಂಬರಿನ ನಿವೇಶನ, ಉತ್ತರ ಮತ್ತು ದಕ್ಷಿಣಕ್ಕೆ 11 ಮತ್ತು 13ನೇ ನಿವೇಶನಗಳೆಂದಿದೆ. ನಾಲ್ಕು ಮೂಲೆಗಲ್ಲುಗಳಲ್ಲಿ ಮೂರು ಮಾತ್ರ ಸಿಕ್ಕವು. ಪೂರ್ವ ಪಶ್ಚಿಮ 40 ಅಡಿ ಇರಬೇಕಾದಲ್ಲಿ 38 ಅಡಿ 4 ಅಂಗುಲ ಬಂತು. ಪಶ್ಚಿಮದ ನಿವೇಶನದವರ ಕಾಂಪೌಂಡು ಗೋಡೆ ಈಚೆಗೆ ಬಂದಿರುವಂತಿದೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್ ತೆರೆದು ನಿಂತಾಗ ಸರ್ವೆ ನಂಬರ್ ಕಾಗದದಲ್ಲಿರುವುದೇ ಬಂತು. ಹತ್ತಿರದಲ್ಲಿ ಕೆರೆಯಾಗಲಿ ರಾಜಕಾಲುವೆಯಾಗಲಿ ಕಾಣಲಿಲ್ಲ.

ಈಗ ಹಳೆಯ ಕಾಗದಗಳ ವಿಷಯ. ಜಮೀನು ಮೂಲ ಯಜಮಾನರಿಗೆ 1974ರ ಪಾಲುಪಟ್ಟಿಯಲ್ಲಿ ಪಿತ್ರಾರ್ಜಿತವಾಗಿ ಬಂದದ್ದು, ಮಂಜೂರಾತಿಯದಲ್ಲ. ಅವರು 1991ರಲ್ಲಿ ತೀರಿಕೊಂಡರು. 1993ರಲ್ಲಿ ಪೌತಿ ಖಾತೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗುವ ಖಾತೆ) ಮೂವರು ಗಂಡುಮಕ್ಕಳ ಹೆಸರಿಗೆ ಆಗಿದೆ. ಆ ಮೂವರು 2006ರಲ್ಲಿ ಬಡಾವಣೆಯವರಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದಾರೆ. 2009ರ ಮೇ ತಿಂಗಳ ಕ್ರಯಪತ್ರಕ್ಕೆ ಮೂವರ ಪರವಾಗಿಯೂ ಸಹಿ ಹಾಕಿರುವುದು ಆ ಅಧಿಕಾರಪತ್ರದ ಬಲದಿಂದ ಬಡಾವಣೆಯವರೇ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳೂ ಇದ್ದಾರೆ, ಇಬ್ಬರೂ ಬದುಕಿದ್ದಾರೆ. ಎರಡನೆಯ ಮಗನ ಹೆಸರಿನ ಮುಂದೆ 2008ರ ಜನವರಿಯಲ್ಲಿ ಮರಣವೆಂದು ಬರೆದಿದೆ. ಇ-ಸ್ವತ್ತಿನಲ್ಲಿ ಇರುವುದು 11ಬಿ.

ಹಳೇ_ಪತ್ರಬರಹಗಾರ:

ಸಾರ್, ನೀವು ಬರೆದಿರುವ ನಾಲ್ಕು ತಾರೀಖುಗಳನ್ನು ಒಂದರ ಕೆಳಗೊಂದು ಬರೆದುಕೊಂಡರೆ ತೊಡಕು ತಾನಾಗಿಯೇ ಕಾಣುತ್ತದೆ.

ಮೊದಲನೆಯದು 1991. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ ಅವರ ಪಾಲಿನಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಹಕ್ಕಿದೆ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದಲೇ ಬಂದದ್ದು, ಹೊಸದೇನಲ್ಲ. 1993ರ ಪೌತಿ ಖಾತೆಯಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿಸದೆ ಇದ್ದುದರಿಂದ ಆ ಹಕ್ಕು ಹೋಗುವುದಿಲ್ಲ, ಪೌತಿ ಖಾತೆ ಪಾಲುಪಟ್ಟಿಯೂ ಅಲ್ಲ.

ಎರಡನೆಯದು 2006. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಅಂದು ತಂದೆ ಬದುಕಿರಲೇಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗ, ಪರಭಾರೆಗಳಿಗೆ ಮಾತ್ರ ಆ ಕಾಯಿದೆ ರಕ್ಷಣೆ ಕೊಟ್ಟಿದೆ. ಆ ಅಣ್ಣತಮ್ಮಂದಿರು ಅಧಿಕಾರಪತ್ರ ಬರೆದದ್ದು ಅದಾದ ಮೇಲೆ. ಹೆಣ್ಣುಮಕ್ಕಳಿಗೆ ಎಷ್ಟು ಪಾಲು ಎಂಬುದನ್ನು ನ್ಯಾಯಾಲಯ ಲೆಕ್ಕ ಹಾಕಲಿ, ಪಾಲು ಇದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಉಳಿದ ಎರಡನ್ನು ಒಟ್ಟಿಗೆ ಓದಬೇಕು, 2008ರ ಜನವರಿ ಮತ್ತು 2009ರ ಮೇ. ಬರೆದುಕೊಟ್ಟವನು ಸತ್ತರೆ ಸಾಮಾನ್ಯವಾಗಿ ಅಧಿಕಾರಪತ್ರವೂ ಅವನೊಂದಿಗೇ ಮುಗಿಯುತ್ತದೆ. ಹಣ ಪಡೆದು, ಆಸ್ತಿಯಲ್ಲಿ ಹಿತಾಸಕ್ತಿ ಕೂಡಿಸಿ ಕೊಟ್ಟ ಅಧಿಕಾರಪತ್ರ ಮರಣದಿಂದ ಮುಗಿಯುವುದಿಲ್ಲವೆಂಬ ವಾದಕ್ಕೂ ಕಾಯಿದೆಯಲ್ಲಿ ಜಾಗವಿದೆ, ಆದರೆ ಅದಕ್ಕೆ 2006ರ ಕರಾರು ಪತ್ರ ನೋಡಬೇಕು. ಸತ್ತವನ ಹೆಸರಿನಲ್ಲಿ ಹದಿನಾರು ತಿಂಗಳ ಮೇಲೆ ಬರೆದ ಕ್ರಯಪತ್ರವನ್ನು ಮಾತ್ರ ನಂಬಿಕೊಂಡು ನಾನಾದರೆ ಕೊಳ್ಳುವುದಿಲ್ಲ.

ಒಂದು ತಪ್ಪೊಪ್ಪಿಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. “ಹೆಣ್ಣುಮಕ್ಕಳಿಗೆ ಮದುವೆಯ ಕಾಲದಲ್ಲಿ ವಸ್ತ್ರ ಒಡವೆಗಳನ್ನು ಕೊಟ್ಟು ಕಳುಹಿಸಿರುವುದರಿಂದ ಅವರಿಗೆ ಷೆಡ್ಯೂಲ್ ಸ್ವತ್ತಿನಲ್ಲಿ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ” ಎಂಬ ವಾಕ್ಯವನ್ನು ನಾನು ನೂರಾರು ಪತ್ರಗಳಲ್ಲಿ ಬರೆದಿದ್ದೇನೆ. ಆ ಹೆಣ್ಣುಮಕ್ಕಳು ಆ ಪತ್ರಕ್ಕೆ ಸಹಿ ಹಾಕಿಲ್ಲ, ಹೆಚ್ಚಿನವರು ಅದನ್ನು ಕಂಡೂ ಇಲ್ಲ. ನಿಮ್ಮ 2009ರ ಪತ್ರದಲ್ಲಿಯೂ ಆ ವಾಕ್ಯ ಇದ್ದೀತು, ನೋಡಿ.

ತುಂಗೆಯ_ದಂಡೆ:

ಇದೆ ಸಾರ್. ಮೂರನೆಯ ಪುಟದ ಕೊನೆಯಲ್ಲಿ, “ವಸ್ತ್ರ ಒಡವೆ” ಎಂಬಲ್ಲಿ “ಅರಿಶಿನ ಕುಂಕುಮ” ಎಂದಿರುವುದೊಂದೇ ವ್ಯತ್ಯಾಸ. ಮೊದಲ ಸಲ ಓದಿದಾಗ ಅದು ಪತ್ರದ ಶಾಸ್ತ್ರದ ಮಾತೆಂದು ದಾಟಿಹೋಗಿದ್ದೆ.

ಸೈಟ್_ಸಾಹುಕಾರ:

ಸತ್ತವರ ಪರವಾಗಿ ಸಹಿ ಆಗಿದೆ ಎಂಬುದು ನನಗೂ ಸರಿ ಕಾಣುತ್ತಿಲ್ಲ. ಉಳಿದ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಇದನ್ನು ಸರಿಪಡಿಸಿಕೊಳ್ಳದೆ ಕೊಳ್ಳಬೇಡಿ.

ಹಾಸನದ_ಮಗಳು:

ಈ ಚರ್ಚೆಯಲ್ಲಿ ಹೆಣ್ಣುಮಕ್ಕಳು ಎಲ್ಲಿಂದಲೋ ಬಂದು ಗೇಟಿಗೆ ಸಮನ್ಸ್ ಅಂಟಿಸುವವರಂತೆ ಕಾಣುತ್ತಿದ್ದಾರೆ. ನಾನು ಅಂಥ ಒಬ್ಬ ಮಗಳು. ನಮ್ಮ ಅಪ್ಪನ ಜಮೀನು ಮಾರುವಾಗ ಅಣ್ಣ ಒಂದು ಭಾನುವಾರ ಸೀರೆ, ಹಣ್ಣು ತಂದು, ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡ ಮೇಲೆ ನಾಳೆ ಕಚೇರಿಗೆ ಬಂದು ಒಂದು ಸಹಿ ಹಾಕಿ ಹೋಗು ಎಂದ. ಹಾಕಿದೆ. ತವರಿನ ಬಾಗಿಲು ಮುಚ್ಚಬಾರದೆಂಬುದಷ್ಟೇ ಆಗ ಮನಸ್ಸಿನಲ್ಲಿತ್ತು. ನನ್ನ ತಂಗಿ ಸಹಿ ಹಾಕಲಿಲ್ಲ. ಅವಳು ಕೇಳಿದ್ದು ಕಾಲು ಪಾಲನ್ನೂ ಅಲ್ಲ, ಎಷ್ಟಕ್ಕೆ ಮಾರುತ್ತಿದ್ದೀರಿ ಎಂದು ತನಗೆ ಹೇಳಬೇಕು ಎಂದಷ್ಟೇ. ಅದನ್ನು ಹೇಳಿದ ದಿನವೇ ಅವಳೂ ಬಂದಳು.

ನೀವು ಕೊಳ್ಳುವುದೇ ಆದರೆ, ಆ ಇಬ್ಬರನ್ನು ದಲ್ಲಾಳಿಯ ಮೂಲಕ ಕೇಳಿಸಬೇಡಿ. ಮಾರುವವರು ಅಣ್ಣತಮ್ಮಂದಿರನ್ನು ಕರೆದುಕೊಂಡು ಹೋಗಲಿ, ಏನು ಕಾಗದ, ಯಾವ ನಿವೇಶನ, ಎಷ್ಟು ಹಣವೆಂಬುದನ್ನು ಅವರ ಎದುರಿಗೆ ಓದಿ ಹೇಳಲಿ. ಕೊಡಬೇಕಾದ್ದನ್ನು ಅವರ ಖಾತೆಗೇ ಹಾಕಿ, ಪತ್ರದಲ್ಲಿ ನಮೂದಿಸಲಿ. ಸೀರೆಯ ಲೆಕ್ಕ ಪತ್ರದಲ್ಲಿ ಬರುವುದಿಲ್ಲ.

ಬಾಡಿಗೆಮನೆ_ಸುಖ:

11ಬಿ ಎಂದ ಮೇಲೆ ಸಾಲದ ಮಾತನ್ನೂ ಯೋಚಿಸಿ. ರಾಷ್ಟ್ರೀಕೃತ ಬ್ಯಾಂಕುಗಳು ಇಂಥದಕ್ಕೆ ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ನಿಮಗೆ ಈಗ ಸಾಲ ಬೇಡದೆ ಇರಬಹುದು, ಆದರೆ ಏಳೆಂಟು ವರ್ಷದ ಮೇಲೆ ನಿಮ್ಮಿಂದ ಕೊಳ್ಳುವವರಿಗೆ ಬೇಕಾಗುತ್ತದೆ. ಪೂರ್ತಿ ಹಣ ಕೈಯಲ್ಲಿರುವವರಿಗೆ ಮಾತ್ರ ಮಾರಬಹುದಾದ ನಿವೇಶನಕ್ಕೆ ಬೆಲೆ ಅಷ್ಟರಮಟ್ಟಿಗೆ ಇಳಿಯಲೇಬೇಕು. 2,200ರ ದರ ಅನುಮೋದಿತ ಬಡಾವಣೆಯ ಲೆಕ್ಕದಲ್ಲಿ ಹೇಳಿದಂತಿದೆ. ಜೊತೆಗೆ 38 ಅಡಿ 4 ಅಂಗುಲಕ್ಕೆ 30 ಅಡಿ ಅಂದರೆ 1,150 ಚದರಡಿ. ಇಲ್ಲದ 50 ಚದರಡಿಗೆ 1.10 ಲಕ್ಷ ಏಕೆ ಕೊಡಬೇಕು?

ತುಂಗೆಯ_ದಂಡೆ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವಕೀಲರು ಬರವಣಿಗೆಯಲ್ಲಿ ಅಭಿಪ್ರಾಯ ಕೊಟ್ಟಿದ್ದಾರೆ. ಪತ್ರಬರಹಗಾರರು ಹೇಳಿದ್ದೇ ಹೆಚ್ಚುಕಡಿಮೆ ಅದರಲ್ಲಿದೆ. ಇಬ್ಬರು ಹೆಣ್ಣುಮಕ್ಕಳು, ತೀರಿಕೊಂಡ ಮಗನ ಹೆಂಡತಿ ಮತ್ತು ಇಬ್ಬರು ಮಕ್ಕಳು, ಉಳಿದ ಇಬ್ಬರು ಗಂಡುಮಕ್ಕಳು ಎಲ್ಲರೂ ಸೇರಿ ಈಗಿನ ಮಾಲೀಕರ ಹೆಸರಿಗೆ ದೃಢೀಕರಣ ಪತ್ರ ನೋಂದಾಯಿಸಿಕೊಡಬೇಕು, ಹೆಣ್ಣುಮಕ್ಕಳು ಪಡೆದ ಮೊತ್ತ ಅದರಲ್ಲಿ ಬರೆದಿರಬೇಕು, ಅದಾದ ಮೇಲೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಹದಿನೈದು ದಿನ ಕಾದು, ನಂತರವಷ್ಟೇ ಕರಾರು ಮಾಡಿಕೊಳ್ಳಬೇಕೆಂದು ಹೇಳಿದ್ದಾರೆ. ಯಜಮಾನರ ಹೆಂಡತಿ 2001ರಲ್ಲಿ ತೀರಿಕೊಂಡಿದ್ದಾರೆ. ಇ-ಕೋರ್ಟ್ಸ್‌ನಲ್ಲಿ 2005ರಿಂದ ವರ್ಷ ವರ್ಷವೂ ಹುಡುಕಿದೆ, ಈ ಸರ್ವೆ ನಂಬರಿಗೆ ಸಂಬಂಧಿಸಿದ ದಾವೆ ಸಿಗಲಿಲ್ಲ.

ಮಾರುವವರು ಮೊದಲು ಸಿಟ್ಟಾದರು. ತಾವು ಕೊಂಡಾಗ ಯಾರೂ ಇದನ್ನೆಲ್ಲ ಕೇಳಿರಲಿಲ್ಲವೆಂದರು, ಅದು ನಿಜವೂ ಹೌದು. ಆಮೇಲೆ, ನಾನಲ್ಲದಿದ್ದರೆ ಮುಂದಿನವರೂ ಇದನ್ನೇ ಕೇಳುತ್ತಾರೆಂದು ಅವರಿಗೂ ಅನಿಸಿರಬೇಕು. ಪತ್ರದಲ್ಲಿ ಪೂರ್ತಿ ಬೆಲೆ ತೋರಿಸಲು ಒಪ್ಪಿದ್ದಾರೆ. 1,150 ಚದರಡಿಗೆ 1,850ರ ದರದಲ್ಲಿ 21.275 ಲಕ್ಷಕ್ಕೆ ಮಾತಾಗಿದೆ. ನಾನು ಇಲ್ಲಿಯವರೆಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಮಾಲೀಕರು ಕಿರಿಯ ಮಗಳ ಮನೆಗೆ ಹೋಗಿ ಬಂದಿದ್ದಾರೆ, ಅವರು ಒಪ್ಪಿದ್ದಾರೆ. ಹಿರಿಯ ಮಗಳಿಗೆ ಎಪ್ಪತ್ತೆರಡು ವರ್ಷ, ಸೊಂಟ ಮುರಿದು ಆರು ತಿಂಗಳಿಂದ ಹಾಸಿಗೆಯಲ್ಲಿದ್ದಾರೆ. ಅವರಿಗೆ ಮನಸ್ಸಿದೆಯಂತೆ, ಆದರೆ ಕಚೇರಿಗೆ ಬರಲು ಸಾಧ್ಯವಿಲ್ಲ. ಅವರ ಮಗ ತಾಯಿಯ ಪರವಾಗಿ ತಾನು ಸಹಿ ಹಾಕುತ್ತೇನೆ ಎನ್ನುತ್ತಿದ್ದಾನೆ. ಅದು ನಡೆಯುತ್ತದೆಯೇ?

ಹಳೇ_ಪತ್ರಬರಹಗಾರ:

ಮಗ ಬರಿದೇ ಬಂದು ಹಾಕಿದರೆ ನಡೆಯುವುದಿಲ್ಲ. ಹೊಸ ಅಧಿಕಾರಪತ್ರ ಬರೆಸಿದರೆ ನೀವು ಯಾವ ತೊಡಕು ಬಿಡಿಸಲು ಹೊರಟಿರೋ ಅದನ್ನೇ ಮತ್ತೆ ಕಟ್ಟಿಕೊಂಡಂತೆ. ನೋಂದಣಿ ಕಾಯಿದೆಯಲ್ಲಿ ಇದಕ್ಕೆ ದಾರಿ ಇದೆ. ದೇಹಸ್ಥಿತಿಯಿಂದಾಗಿ ಬರಲಾಗದವರ ಮನೆಗೆ ಉಪನೋಂದಣಾಧಿಕಾರಿ ಬಂದು, ಅಥವಾ ಕಮಿಷನ್ (ತಮ್ಮ ಪರವಾಗಿ ನೇಮಿಸಿ ಕಳುಹಿಸುವವರು) ಮೂಲಕ, ಅವರ ಒಪ್ಪಿಗೆ ಪಡೆದು ಬರೆಸಿಕೊಳ್ಳಬಹುದು. ವೈದ್ಯರ ಪ್ರಮಾಣಪತ್ರ ಇಟ್ಟು ಅರ್ಜಿ ಕೊಡಿಸಿ, ಅದಕ್ಕೆ ಪ್ರತ್ಯೇಕ ಶುಲ್ಕವಿದೆ. ನಾನು ಹೀಗೆ ಹಲವರ ಹಾಸಿಗೆಯ ಪಕ್ಕದಲ್ಲಿ ಪತ್ರ ಓದಿ ಹೇಳಿದ್ದೇನೆ. ವಿಳಾಸದ ಗುರುತಿನ ಚೀಟಿಯಲ್ಲಿ ಗಂಡನ ಮನೆಯ ಹೆಸರು, ವಂಶವೃಕ್ಷದಲ್ಲಿ ತವರಿನ ಹೆಸರು ಇದ್ದರೆ ಅವೆರಡೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಡಿ. ಅಂದು ಬೆಳಗ್ಗೆ ಅದಿಲ್ಲವೆಂದು ವಾಪಸ್ ಬಂದವರೇ ಹೆಚ್ಚು.